ಹಳೆಯ ಜೀಪಿನ ಥರ್ಮೋಸ್ಟಾಟ್ ಕೀಳುವುದು ಪರಿಹಾರವಲ್ಲ: ಸ್ಪಷ್ಟನೆ

ಸಂಪಾಜೆ ಘಾಟಿ ಹತ್ತುವ ಹಳೆಯ ಜೀಪುಗಳ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ಅದರ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಕವಾಟ) ಕಿತ್ತುಹಾಕಿದರೆ ಇಂಜಿನ್ ಆಯಿಲ್ ಅತಿಯಾಗಿ ಬಿಸಿಯಾಗುವುದಿಲ್ಲ ಎಂಬ ಸಂದೇಶ ಕೊಡಗಿನಲ್ಲಿ ಹರಿದಾಡುತ್ತಿದೆ; ಅದು ಸರಿಯಲ್ಲ. ಏರಿನಲ್ಲಿ ಇಂಜಿನ್ ಬಿಸಿಯಾದಾಗ ಸುಸ್ಥಿತಿಯಲ್ಲಿರುವ ಥರ್ಮೋಸ್ಟಾಟ್ ತಾನಾಗಿಯೇ ಪೂರ್ತಿ ತೆರೆದಿರುತ್ತದೆ. ಬೈಪಾಸ್ (ನೀರು ನೇರ ಇಂಜಿನ್‌ಗೇ ಮರಳುವ ಅಡ್ಡದಾರಿ) ಮುಚ್ಚುವ ಕೆಲಸವನ್ನೂ ಅದೇ ಮಾಡುವ ಇಂಜಿನ್‌ಗಳಲ್ಲಿ ಅದನ್ನು ತೆಗೆದರೆ, ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಮರಳಿ, ಬಿಸಿ ಇನ್ನೂ ಹೆಚ್ಚಬಹುದು. ಮಡಿಕೇರಿಯ ಮಳೆಗಾಲದಲ್ಲಿ, ತೋಟಕ್ಕೂ ಪೇಟೆಗೂ ನಡುವಿನ ಸಣ್ಣ ಓಡಾಟದಲ್ಲಂತೂ ಆಗುವ ಹಾನಿ ಬೇರೆಯದೇ: ಥರ್ಮೋಸ್ಟಾಟ್ ಇಲ್ಲದೆ ಇಂಜಿನ್ ಬೇಗ ಬಿಸಿಯೇರುವುದಿಲ್ಲ; ಆಯಿಲ್ ಸುಮಾರು 90ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟದಿದ್ದರೆ ಅದರಲ್ಲಿ ಸೇರಿದ ನೀರಿನಂಶ ಸರಿಯಾಗಿ ಆವಿಯಾಗದೆ ಉಳಿದು, ಆಯಿಲ್ ಕೆಸರುಗಟ್ಟಿ, ಬೇರಿಂಗ್‌ಗಳು ಬೇಗ ಸವೆಯುತ್ತವೆ. ದಶಕಗಳಿಂದ ಕಾಪಾಡಿಕೊಂಡು ಬಂದ ಇಂಜಿನ್‌ಗೆ ಇದು ನಿಜಕ್ಕೂ ಅನ್ಯಾಯ. ಘಾಟಿಯಲ್ಲಿ ಬಿಸಿಯೇರುವ ಜೀಪಿನ ರೇಡಿಯೇಟರನ್ನು ಶುಚಿಗೊಳಿಸಿ, ಫ್ಯಾನ್ ಬೆಲ್ಟಿನ ಬಿಗಿ ಪರೀಕ್ಷಿಸಿ, ಕೆಳಗಿನ ಗೇರಿನಲ್ಲಿ ಹತ್ತಿಸಿ.