ಸ್ಪ್ರಿಂಗ್ ಕತ್ತರಿಸುವ ಸಲಹೆ: ಒಂದು ಸ್ಪಷ್ಟನೆ

‘ಕಾರಿನ ಚಕ್ರದ ಬಳಿಯ ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿದರೆ ಕಾರು ತಗ್ಗಿ ನಂದಿ ಬೆಟ್ಟದ ತಿರುವುಗಳಲ್ಲಿ ಹಿಡಿತ ಹೆಚ್ಚುತ್ತದೆ, ಹಳೆಯ ಶಾಕ್ ಅಬ್ಸಾರ್ಬರೇ ಸಾಕು’ ಎಂಬ ಸಂದೇಶ ಚಿಕ್ಕಬಳ್ಳಾಪುರದ ಗೆಳೆಯರ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಕಾರು ತಗ್ಗುವುದಷ್ಟೇ ನಿಜ.

ಸುತ್ತು ಕಡಿಮೆಯಾದ ಸ್ಪ್ರಿಂಗ್ ಇನ್ನಷ್ಟು ಬಿಗಿಯಾಗುತ್ತದೆ. ಸ್ಪ್ರಿಂಗಿನ ಪುಟಿತವನ್ನು ಅಡಗಿಸುವ ಭಾಗವೇ ಶಾಕ್ ಅಬ್ಸಾರ್ಬರ್, ಅಂದರೆ ಶಾಕ್; ಕಾರಿನೊಂದಿಗೆ ಬಂದದ್ದು ಮೂಲ ಸ್ಪ್ರಿಂಗಿನ ಬಿಗಿತಕ್ಕೆ ಹೊಂದಿಸಿದ್ದು. ಈ ಹೊಸ ಪುಟಿತವನ್ನು ಅದು ಸರಿಯಾಗಿ ಅಡಗಿಸಲಾರದು. ತಿರುವಿನಲ್ಲಿ ಒಂದು ಉಬ್ಬು ಸಿಕ್ಕರೂ ಟೈರಿನ ಹಿಡಿತ ಸಡಿಲಬಹುದು. ಚಕ್ರ ಪೂರ್ತಿ ಕೆಳಗಿಳಿದಾಗ ಕತ್ತರಿಸಿದ ಸ್ಪ್ರಿಂಗ್ ತನ್ನ ಜಾಗದಿಂದ ಜಾರಲೂಬಹುದು. ಬೆಟ್ಟ ಇಳಿಯುವವರಿಗೆ ಇದು ಪ್ರಾಣದ ಪ್ರಶ್ನೆ, ದಯವಿಟ್ಟು ಕತ್ತರಿಸಬೇಡಿ.

ತಗ್ಗಿಸಲೇಬೇಕೆಂದರೆ ಆ ಮಾದರಿಗೆಂದೇ ತಯಾರಾದ ಗಿಡ್ಡ ಸ್ಪ್ರಿಂಗನ್ನೂ ಅದಕ್ಕೆ ಹೊಂದುವ ಶಾಕ್, ಸ್ಟ್ರಟ್‌ಗಳನ್ನೂ (ಶಾಕ್ ಒಳಗೊಂಡ ಆಧಾರದ ಭಾಗ) ಒಟ್ಟಿಗೆ ಹಾಕಿಸಿ. ಬಳಿಕ ವೀಲ್ ಅಲೈನ್‌ಮೆಂಟ್ ಮಾಡಿಸಿ. ಎತ್ತರ ಬದಲಾದರೆ ಚಕ್ರದ ಕೋನವೂ ಬದಲಾಗುತ್ತದೆ.