ಪಾಚಿ ಮೇಯಲು ಬಂದ ಬಸವ

ಸಮುದ್ರ ನೋಡಬೇಕು ಅಂದರೆ ಮೈಸೂರಿನವರು ಘಟ್ಟ ಇಳಿಯಬೇಕು. ನಾನು ಇಳಿಯಲಿಲ್ಲ, ಸಮುದ್ರವನ್ನೇ ಕುವೆಂಪುನಗರದ ನಮ್ಮ ಹಾಲ್‌ಗೆ ಹತ್ತಿಸಿಕೊಂಡೆ. 120 ಲೀಟರಿನ ಗಾಜಿನ ತೊಟ್ಟಿ, ಒಂದಷ್ಟು ಕಲ್ಲು, ನಾಲ್ಕು ಹವಳ, ಎರಡು ಕ್ಲೌನ್ ಮೀನು. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ನಾಲ್ಕು ಕೆಜಿಗೂ ಜಾಸ್ತಿ ಉಪ್ಪು ಸುರಿಯುವಾಗ ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ವರ್ಷದ ಉಪ್ಪಿನಕಾಯಿಗೂ ನಾನು ಇಷ್ಟು ಹಾಕಲ್ಲ ಕಣೋ" ಅಂದರು.

ಅಮ್ಮನ ಮಾತನ್ನು ಆಗಲೇ ಗಂಭೀರವಾಗಿ ತಗೋಬೇಕಿತ್ತು. ಮೊದಲ ತಿಂಗಳು ತೊಟ್ಟಿಯ ನೀರು ಆವಿಯಾಗಿ ಕಮ್ಮಿಯಾದಾಗಲೆಲ್ಲ ನಾನು ಉಪ್ಪುನೀರೇ ತುಂಬುತ್ತಿದ್ದೆ. "ಸಾರು ಬತ್ತಿದರೆ ನೀರು ಹಾಕ್ತಾರೋ, ಉಪ್ಪು ಹಾಕ್ತಾರೋ?" ಅಂತ ಕೇಳಿದವರೂ ಅವರೇ. ಹೌದಲ್ವಾ, ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತೆ. ಎಂಜಿನಿಯರಿಂಗ್ ಓದಿದ ನನಗೆ ಇದು ಹೊಳೆದಿರಲಿಲ್ಲ.

ಆಮೇಲೆ ಪಾಚಿ ಬಂತು. ಕಲ್ಯಾಣಿ ಮೆಟ್ಟಿಲ ಮೇಲಿನ ಜಾರು ಪಾಚಿ ಅಂದುಕೊಳ್ಳಬೇಡಿ. ಇದು ಕೂದಲು ಪಾಚಿ. ಎರಡೆರಡು ಇಂಚು ಉದ್ದ, ಹಚ್ಚ ಹಸಿರು, ಪಂಪಿನ ಸೆಳೆತಕ್ಕೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬಾಚಿಕೊಳ್ಳುತ್ತಿತ್ತು. ನನ್ನ ತಲೆಯ ಮೇಲೆ ನಿಲ್ಲದ್ದು ಕಲ್ಲಿನ ಮೇಲೆ ಸೊಂಪಾಗಿ ನಿಂತಿತ್ತು.

ಪಾಚಿ ತಿನ್ನುವ ಮೀನು ತಂದರೆ ಮುಗೀತು ಅಂದುಕೊಂಡೆ. ಬೆಂಗಳೂರಿನ ಅಂಗಡಿಯೊಂದಕ್ಕೆ ಫೋನ್ ಹಾಕಿ ಸ್ಪೀಕರ್‌ನಲ್ಲಿಟ್ಟೆ. ಸೈಲ್‌ಫಿನ್ ಟ್ಯಾಂಗ್ ಚೆನ್ನಾಗಿ ಮೇಯುತ್ತೆ, ಆದರೆ 40 ಸೆಂಟಿಮೀಟರ್ ಬೆಳೆಯುತ್ತೆ ಅಂದ. ನಮ್ಮ ತೊಟ್ಟಿಯಲ್ಲಿ ಅದು ತಿರುಗಿಕೊಳ್ಳಬೇಕಾದರೆ ರಿವರ್ಸ್ ಗೇರ್ ಬೇಕು. "ಕೋಲೆ ಟ್ಯಾಂಗ್ ಇದೆ ಸಾರ್" ಅಂದ. ಅಮ್ಮನ ಕಿವಿ ನೆಟ್ಟಗಾಯಿತು. "ಕೋಲೆ ಬಸವನ ಥರಾನಾ? ತಲೆ ಆಡಿಸುತ್ತಾ?" ಅದಕ್ಕೂ ಈಜಾಡಲು ದೊಡ್ಡ ತೊಟ್ಟಿಯೇ ಬೇಕಂತೆ. ಕೊನೆಗೆ ಉಳಿದಿದ್ದು ಬ್ಲೆನ್ನಿ ಅನ್ನೋ ಪುಟ್ಟ ಮೀನಿನ ಎರಡು ಜಾತಿ. ಟೈಲ್‌ಸ್ಪಾಟ್ ಬ್ಲೆನ್ನಿ, ಆರು ಸೆಂಟಿಮೀಟರ್. ಲಾನ್‌ಮೋವರ್ ಬ್ಲೆನ್ನಿ, ಅದರ ಎರಡರಷ್ಟು.

ಚಿಕ್ಕ ತೊಟ್ಟಿಗೆ ಟೈಲ್‌ಸ್ಪಾಟೇ ಸರಿ. ಈಗ ಯಾರು ಕೇಳಿದರೂ ಹಾಗೇ ಹೇಳುತ್ತೇನೆ. ಆದರೆ ಅವತ್ತು ಹುಲ್ಲು ಕತ್ತರಿಸುವ ಯಂತ್ರದ ಹೆಸರು ಕೇಳಿಯೇ ಮರುಳಾದೆ. "ಅದು ಕೆರೆಯೋದು ಕಲ್ಲಿನ ಮೇಲಿನ ತೆಳು ಪಾಚಿ ಸಾರ್, ಉದ್ದ ಕೂದಲು ಮುಟ್ಟುತ್ತೆ ಅಂತ ಗ್ಯಾರಂಟಿ ಇಲ್ಲ" ಅಂತ ಅಂಗಡಿಯವನು ಹೇಳಿದ್ದು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಆಕ್ಸಿಜನ್ ತುಂಬಿದ ಕವರನ್ನು ತೊಡೆ ಮೇಲಿಟ್ಟುಕೊಂಡು ರೈಲಿನಲ್ಲಿ ಬಂದೆ. ಮದ್ದೂರಿನಲ್ಲಿ ಹತ್ತಿದ ವಡೆಯವನು ಬುಟ್ಟಿ ಇಳಿಸಿ ಕವರನ್ನೇ ನೋಡಿದ. "ತಿನ್ನೋ ಮೀನಾ ಸಾರ್?" "ಅಲ್ಲಪ್ಪ, ಇದೇ ತಿನ್ನುತ್ತೆ." "ಹಂಗಾರೆ ಒಂದು ವಡೆ ಕೊಡ್ಲಾ?"

ಹೆಸರು ಬಸವ ಅಂತ ಅಮ್ಮನೇ ಇಟ್ಟರು. ಚೆಲುವ ಏನಲ್ಲ. ಕಂದು ಮೈ, ಅದರ ಮೇಲೆ ಮಾಸಲು ಪಟ್ಟೆ, ಕಣ್ಣಿನ ಮೇಲೆ ಎರಡು ಪುಟ್ಟ ಕುಚ್ಚು. ಈಜುವುದಕ್ಕಿಂತ ಕೂರುವುದೇ ಜಾಸ್ತಿ. ಮುಂದಿನ ರೆಕ್ಕೆ ಊರಿಕೊಂಡು ಕಲ್ಲಿನ ಮೇಲೆ ಜಗಲಿಕಟ್ಟೆ ಯಜಮಾನರ ಹಾಗೆ ಕೂರುತ್ತೆ. ಒಂದು ಕಣ್ಣು ಟಿವಿ ಕಡೆ, ಇನ್ನೊಂದು ಅಡುಗೆಮನೆ ಕಡೆ. ಆಗಾಗ ಎದ್ದು ಗಾಜಿಗೆ ಬಾಯಿ ಒತ್ತಿ ಕೆರೆಯುತ್ತೆ. ಕೆರೆದಲ್ಲೆಲ್ಲ ತುಟಿಯ ಗುರುತು. ಮುಂದಿನ ಗಾಜಿನ ತುಂಬಾ ಮುತ್ತಿಟ್ಟಿತು. ಕೂದಲು ಪಾಚಿಯ ತಂಟೆಗೆ ಮಾತ್ರ ಹೋಗಲಿಲ್ಲ, ಅದನ್ನೇ ಹಾಸಿಗೆ ಮಾಡಿಕೊಂಡಿತು. "ಅಪ್ಪಾ, ಬಸವ ಪಾಚಿ ತಿಂತಿಲ್ಲ, ಪಾಚ್ಕೊಂಡಿದೆ" ಅಂತ ಮಗಳ ವರದಿ.

ಆ ವಾರ ಮಂಡ್ಯ ಕಡೆಯಿಂದ ಸೋದರಮಾವ ಬಂದರು. ಎರಡು ಎಕರೆ ಕಬ್ಬು, ಎರಡು ಎತ್ತು ಇರುವ ಮನುಷ್ಯ. ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕಾಫಿ ಮುಗಿಯುವವರೆಗೂ ನೋಡಿದರು. "ಅಲ್ಲ ಕಣಳಿಯ, ಇದು ಮೇಯ್ತದೆ ಅಂತಾನೇ ಇಟ್ಕೋ. ಮೇಯ್ದಿದ್ದನ್ನ ಎಲ್ಲಿಗಾಕ್ತದೆ?" "ಅಲ್ಲೇ." "ಮತ್ತೆ? ನೀನು ಗೊಬ್ಬರ ಹಾಕ್ಕಂಡು ಹುಲ್ಲು ಬೆಳೀತದೆ ಅಂತ ಅಳ್ತಾ ಕೂತಿದ್ದೀಯ. ಮೊದಲು ಗೊಬ್ಬರ ನಿಲ್ಸು."

ನೀರು ಪರೀಕ್ಷಿಸಿದರೆ ಪಾಚಿಗೆ ಗೊಬ್ಬರವಾಗುವ ನೈಟ್ರೇಟೂ ಫಾಸ್ಫೇಟೂ ಏರಿ ಕೂತಿದ್ದವು. ಮನೆಯಲ್ಲಿ ವಿಚಾರಣೆ ನಡೆಸಿದೆ. ವಾಕಿಂಗ್ ಮುಗಿಸಿ ಬಂದು ಅಪ್ಪ ಮೀನಿನ ಆಹಾರ ಒಂದು ಚಿಟಿಕೆ ಹಾಕುತ್ತಿದ್ದರು. ಸ್ಕೂಲಿಂದ ಬಂದು ಮಗಳು ಒಂದು ಚಿಟಿಕೆ. ರಾತ್ರಿ ನಾನು. ನಡುವೆ ಅಮ್ಮ, "ಪಾಪ, ಬಾಯಿ ತೆಗೀತಿತ್ತು" ಅಂತ. ಎರಡು ಕ್ಲೌನ್ ಮೀನಿಗೆ ಮದುವೆ ಮನೆ ಊಟ. ತಿಂದು ಮಿಕ್ಕಿದ್ದು ಕೊಳೆತು ಪಾಚಿಗೆ ಗೊಬ್ಬರ. ಜೊತೆಗೆ ನಾನು ಸುರಿಯುತ್ತಿದ್ದ ನಲ್ಲಿ ನೀರು, ನೆಂಟರಿಗೆ ಚೆಂದ ಕಾಣಲಿ ಅಂತ ಹದಿಮೂರು ಗಂಟೆ ಉರಿಯುತ್ತಿದ್ದ ಲೈಟು.

ಊಟ ದಿನಕ್ಕೆ ಒಂದೇ ಸಲ ಅಂತಾಯಿತು. ಡಬ್ಬಿ ಬೀರುವಿನೊಳಗೆ ಹೋಯಿತು. ಲೈಟು ಎಂಟು ಗಂಟೆ. ನಲ್ಲಿ ನೀರಿನ ಬದಲು ಆರ್‌ಓ ನೀರು, ವಾರಕ್ಕೆ ಹತ್ತು ಲೀಟರ್ ಬದಲಾವಣೆ. ಭಾನುವಾರಗಳಂದು ಹಳೇ ಟೂತ್‌ಬ್ರಷ್ ಹಿಡಿದು ಮೊಣಕೈವರೆಗೂ ಉಪ್ಪುನೀರಲ್ಲಿ ಅದ್ದಿ ಕಳೆ ಕಿತ್ತೆ. ಬ್ರಷ್‌ಗೆ ಸುತ್ತಿ ತಿರುಚಿದರೆ ಶಾವಿಗೆ ಹಾಗೆ ಬುಡಸಮೇತ ಬರುತ್ತೆ. ಬಸವ ಪಕ್ಕದ ಕಲ್ಲಿನ ಮೇಲೆ ಕೂತು ಮೇಸ್ತ್ರಿ ಕೆಲಸ ಮಾಡಿತು.

ಎರಡು ತಿಂಗಳಿಗೆ ಕಲ್ಲು ಕಲ್ಲಿನ ಹಾಗೆ ಕಂಡಿತು. ಬಸವನ ಹೊಟ್ಟೆ ಮಾತ್ರ ಒಳಗೆ ಹೋಗಿತ್ತು. ಕೆರೆಯಲು ತೆಳು ಪಾಚಿಯೂ ಉಳಿದಿರಲಿಲ್ಲ, ಮೀನಿನ ಆಹಾರದ ಗುಳಿಗೆ ಹಾಕಿದರೆ ಬಾಯಿಗೆ ಹಾಕಿಕೊಂಡು ಉಗಿಯುತ್ತಿತ್ತು. ಇಂಥ ಮೀನುಗಳು ಪಾಚಿ ಮುಗಿದ ಮೇಲೆ ಉಪವಾಸ ಬಿದ್ದು ಸಾಯುವುದುಂಟು. ಗಾಬರಿಯಾಗಿ ಆನ್‌ಲೈನ್‌ನಲ್ಲಿ ನೋರಿ ತರಿಸಿದೆ. ನೋರಿ ಅಂದರೆ ಹಾಳೆ ಮಾಡಿ ಒಣಗಿಸಿದ ಸಮುದ್ರದ ಪಾಚಿ.

"ಏನೋ ಅದು?" ಅಂದರು ಅಮ್ಮ.

"ಪಾಚಿ."

"ದುಡ್ಡು ಕೊಟ್ಟಾ?"

ಕ್ಲಿಪ್ಪಿಗೆ ಸಿಕ್ಕಿಸಿ ಇಳಿಬಿಟ್ಟೆ. ಬಸವ ಬಂದು ಮೂಸಿ, ಒಂದು ಮೂಲೆ ಹರಿದು, ಮತ್ತೆ ಕಲ್ಲೇರಿ ಕೂತಿತು. ಅಮ್ಮ ಗಾಜಿನ ಹತ್ತಿರ ಬಗ್ಗಿ ಕೇಳಿದರು, "ನನ್ನ ಮಗ ಜಾಣ ಏನೋ ಬಸವ?"

ತಲೆ ಆಡಿಸಲಿಲ್ಲ.