ಅಳುವ ಗಂಡಸಿಗೆ ಏಳರಲ್ಲಿ ಎಷ್ಟು ಅಂಕ?

ಹುಡುಗರು ಭಾವನೆಗಳನ್ನು ಅದುಮಿಟ್ಟುಕೊಳ್ಳುತ್ತಾರೆ, ಹುಡುಗಿಯರು ಹೇಳಿಕೊಳ್ಳುತ್ತಾರೆ, ಆದ್ದರಿಂದ ವಿದ್ಯಾರ್ಥಿಗಳ ಜೀವನತೃಪ್ತಿಯಲ್ಲಿ ಏರುಪೇರಿದೆ ಎಂಬ ಸುದ್ದಿ ಈ ಸಲವೂ ತಪ್ಪದೆ ಬಂದಿದೆ. ಪಕ್ಕದಲ್ಲಿ ಎಂದಿನಂತೆ ಕಿಟಕಿಯಾಚೆ ನೋಡುತ್ತ ಕುಳಿತ ಹುಡುಗಿಯ ಚಿತ್ರವಿದೆ. ಅದುಮಿಟ್ಟುಕೊಳ್ಳುವ ಹುಡುಗನ ಚಿತ್ರ ಮಾತ್ರ ಎಲ್ಲಿಯೂ ಇಲ್ಲ. ಬಹುಶಃ ಅವನು ಛಾಯಾಗ್ರಾಹಕನಿಗೂ ಸುಳಿವು ಕೊಟ್ಟಿಲ್ಲ.

ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು ಎಂದು ಗಾದೆ ಕಟ್ಟಿಕೊಂಡವರು ನಾವು. ಒಂದೇ ಸಾಲಿನಲ್ಲಿ ಇಬ್ಬರ ಮುಖಕ್ಕೂ ಬೀಗ ಜಡಿದ ಆ ಮಿತವ್ಯಯವನ್ನು ಯಾವ ಮನಶ್ಶಾಸ್ತ್ರವೂ ಸರಿಗಟ್ಟಲಾರದು. ಹಾಗಿದ್ದರೂ ಶಾಸ್ತ್ರಕ್ಕೆ ಅದರದೇ ಶ್ರದ್ಧೆಯಿದೆ. ಮನಶ್ಶಾಸ್ತ್ರಜ್ಞರಾದ ಜೇಮ್ಸ್ ಗ್ರಾಸ್ ಮತ್ತು ಆಲಿವರ್ ಜಾನ್ 2003ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ ಹತ್ತು ಹೇಳಿಕೆಗಳಿವೆ. ಆರು, ಸಂದರ್ಭವನ್ನು ಬೇರೆ ಬಗೆಯಲ್ಲಿ ಯೋಚಿಸಿ ಮನಸ್ಸನ್ನು ತಿದ್ದಿಕೊಳ್ಳುವುದಕ್ಕೆ, ನಾಲ್ಕು, ನುಂಗಿಕೊಳ್ಳುವುದಕ್ಕೆ. ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ. ನುಂಗುವುದರಲ್ಲಿ ಗಂಡಸರೇ ಮುಂದೆಂದೂ ಯೋಚನೆಯನ್ನು ತಿದ್ದಿಕೊಳ್ಳುವುದರಲ್ಲಿ ಇಬ್ಬರೂ ಒಂದೇ ಎಂದೂ ಅವರು ಬರೆದರು. ಈ ಎರಡನೆಯ ಮಾತು ಸುದ್ದಿಯ ತನಕ ಬಂದು ತಲುಪಿದ್ದನ್ನು ನಾನು ಕಂಡಿಲ್ಲ.

ತೃಪ್ತಿಯನ್ನು ಅಳೆಯುವ ಕೋಲು ಇನ್ನೂ ಗಿಡ್ಡ. ಎಡ್ ಡೀನರ್ ಮತ್ತು ಸಂಗಡಿಗರು 1985ರಲ್ಲಿ ಕೊಟ್ಟದ್ದು ಐದೇ ಸಾಲು, ಸಾಲಿಗೆ ಅದೇ 1ರಿಂದ 7ರ ಅಂಕ. ಅತೃಪ್ತಿಯ ತಳ 5, ತೃಪ್ತಿಯ ಶಿಖರ 35, ನಡುವೆ 20ಕ್ಕೆ ನಿಂತವನು ಅತ್ತಲೂ ಅಲ್ಲ, ಇತ್ತಲೂ ಅಲ್ಲ. ನನಗೆ ಅಚ್ಚುಮೆಚ್ಚಿನದು ಕೊನೆಯ ಸಾಲು: ಬಾಳನ್ನು ಮತ್ತೊಮ್ಮೆ ಬಾಳುವಂತಾದರೆ ಬಹುತೇಕ ಏನನ್ನೂ ಬದಲಾಯಿಸುವುದಿಲ್ಲ ಎಂಬುದು ಅದರ ಭಾವ. ಎಪ್ಪತ್ತರ ಮುದುಕ ಇದನ್ನು ಓದಿ ಅರ್ಧ ಗಂಟೆ ಸುಮ್ಮನೆ ಕುಳಿತರೆ ಅದು ಸಹಜ. ನಾವು ಇದನ್ನು ಹತ್ತೊಂಬತ್ತು ವರ್ಷದವನ ಕೈಗೆ, ತರಗತಿ ಮುಗಿಯಲು ಎಂಟು ನಿಮಿಷವಿರುವಾಗ ಕೊಡುತ್ತೇವೆ. ಅವನು ಕಂಡ ಬಾಳಿನಲ್ಲಿ ಮೊದಲ ನಾಲ್ಕು ವರ್ಷ ಅವನಿಗೆ ನೆನಪಿಲ್ಲ, ಉಳಿದದ್ದರಲ್ಲಿ ಬಹುಪಾಲು ಬೆಂಚಿನ ಮೇಲೆ ಕಳೆದಿದೆ, ಮತ್ತೊಮ್ಮೆ ಎಂಬ ಪದ ಕಿವಿಗೆ ಬಿದ್ದರೆ ಅವನಿಗೆ ಮೊದಲು ಹೊಳೆಯುವುದು ಮರುಪರೀಕ್ಷೆ. ಇಂಥವನು 3ಕ್ಕೆ ಸುತ್ತು ಹಾಕಿದನೋ 5ಕ್ಕೋ ಎಂಬುದರ ಮೇಲೆ ಗಂಡುಕುಲದ ತೃಪ್ತಿಯ ಸರಾಸರಿ ನಿಂತಿದೆ. ಪಕ್ಕದ ಹುಡುಗಿ 4 ಹಾಕಿದ್ದನ್ನು ಕದ್ದು ನೋಡಿ ಅವನೂ 4 ಹಾಕಿದ್ದರೆ ಲಿಂಗಭೇದವೇ ಅಳಿಸಿಹೋದಂತಾಯಿತು. ಆ ಕೆಲಸ 2018ರಲ್ಲಿ ನಕಲಿಲ್ಲದೆಯೇ ನಡೆದಿದೆ: ಹಳೆಯ ಅಧ್ಯಯನಗಳ ರಾಶಿಯನ್ನೇ ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ ಜೀವನತೃಪ್ತಿಯಲ್ಲಿ ಗಂಡು ಹೆಣ್ಣಿನ ನಡುವೆ ಹೇಳಿಕೊಳ್ಳುವಂಥ ಅಂತರ ಸಿಗಲಿಲ್ಲ. ಅಂತರವಿಲ್ಲ ಎಂಬುದಕ್ಕೆ ಯಾವ ಚಿತ್ರ ಹಾಕುವುದು? ಆದ್ದರಿಂದ ಅದು ಸುದ್ದಿಯಲ್ಲ.

ಅಂತರ ಬೇಕೆಂದರೆ ಅದನ್ನು ಹುಡುಕಬೇಕಾಗಿಲ್ಲ, ಹಚ್ಚಿದರೆ ಸಾಕು. 1976ರಲ್ಲಿ ಕಾಂಡ್ರಿ ದಂಪತಿ 204 ಮಂದಿಗೆ ಒಂದೇ ಮಗುವಿನ ಒಂದೇ ಚಿತ್ರಣವನ್ನು ತೋರಿಸಿದರು. ಪೆಟ್ಟಿಗೆಯಿಂದ ಗೊಂಬೆ ಚಂಗನೆ ನೆಗೆಯುತ್ತದೆ, ಒಂಬತ್ತು ತಿಂಗಳ ಕೂಸು ಬೆಚ್ಚಿ ಅಳುತ್ತದೆ. ಕೂಸು ಗಂಡು ಎಂದು ಹೇಳಿಸಿಕೊಂಡವರಿಗೆ ಆ ಅಳುವಿನಲ್ಲಿ ಸಿಟ್ಟು ಹೆಚ್ಚು ಕಂಡಿತು, ಹೆಣ್ಣು ಎಂದು ಹೇಳಿಸಿಕೊಂಡವರಿಗೆ ಭಯ. ಕೂಸಿಗೆ ಇನ್ನೂ ಮಾತು ಬಂದಿಲ್ಲ, ಅಷ್ಟರಲ್ಲೇ ಅದರ ಭಾವನೆಗೆ ಎರಡು ವಿಳಾಸ. ಅಲ್ಲಿಂದ ಹದಿನೆಂಟು ವರ್ಷ ಹುಡುಗನಿಗೆ ಅಳಬೇಡವೆಂದೂ ಹುಡುಗಿಗೆ ಗಟ್ಟಿಯಾಗಿ ನಗಬೇಡವೆಂದೂ ಹೇಳುತ್ತ ಬಂದು, ಹತ್ತೊಂಬತ್ತನೆಯ ವರ್ಷ ಪ್ರಶ್ನಾವಳಿ ಹಿಡಿದು ಹೋಗಿ, ಇವನು ಅಳುವುದಿಲ್ಲವಲ್ಲ ಎಂದು ನಾವು ಬೆರಗಾಗುತ್ತೇವೆ. ಮಗುವನ್ನು ಚಿವುಟಿ ತೊಟ್ಟಿಲು ತೂಗುವವರನ್ನು ಹಿರಿಯರು ಬಲ್ಲರು. ಚಿವುಟಿದ ಗುರುತನ್ನು ಅಳೆದು ಪ್ರಬಂಧ ಮಂಡಿಸುವವರನ್ನು ಅವರು ಕಂಡಿರಲಿಲ್ಲ.

ಇನ್ನು ಪರಿಹಾರ. ಪರಿಹಾರವೆಂದರೆ ಕಾರ್ಯಾಗಾರ, ಭಾವನೆಗಳ ನಿರ್ವಹಣೆ ಎಂಬ ಬ್ಯಾನರು, ಒಂದು ದೀರ್ಘ ಉಸಿರಾಟ, ಒಂದು ಪ್ರಮಾಣಪತ್ರ. ಅದೇ ಗ್ರಾಸ್ ಮತ್ತು ಅವರ ಸಂಗಡಿಗ ಲೆವೆನ್‌ಸನ್ 1997ರಲ್ಲಿ ದುಃಖದ ದೃಶ್ಯ ತೋರಿಸಿ, ಮುಖದಲ್ಲಿ ಏನನ್ನೂ ಕಾಣಗೊಡಬೇಡಿ ಎಂದಾಗ ಮುಖ ಶಾಂತವಾಯಿತು, ದುಃಖ ಇಳಿಯಲಿಲ್ಲ, ಹೃದಯ ಮತ್ತು ರಕ್ತನಾಳಗಳ ಮೇಲಿನ ಒತ್ತಡ ಏರಿತು. ಪ್ರಯೋಗದಲ್ಲಿದ್ದ 180 ಮಂದಿಯೂ ಹೆಣ್ಣುಮಕ್ಕಳು. ಅದುಮುವುದು ಗಂಡಿನ ಗುಣವೆಂದು ಯಾರೂ ಅವರಿಗೆ ಮೊದಲೇ ತಿಳಿಸಿರಲಿಲ್ಲವೇನೋ, ಹೇಳಿದ ಕೂಡಲೇ ಅದುಮಿ ತೋರಿಸಿದರು.

ಈ ಹಂತದಲ್ಲಿ ನನಗೆ ಹಾಸ್ಯ ಒದಗುವುದಿಲ್ಲ. ನಿದ್ದೆಗೆಟ್ಟು ಓದಿಸುವವರು, ಅಂಕ ಕಡಿಮೆಯಾದರೆ ಎಲ್ಲರೆದುರು ಹೆಸರು ಕೂಗುವವರು, ಅತ್ತವನ ಬೆನ್ನಿಗೆ ಹೆಣ್ಣಿಗ ಎಂಬ ಪಟ್ಟ ಕಟ್ಟುವವರು, ಸಿಟ್ಟಾದವಳನ್ನು ಬಜಾರಿ ಎನ್ನುವವರು, ಇವರ ಯಾರ ಭಾವನೆಗೂ ನಿರ್ವಹಣೆ ಬೇಕಾಗಿಲ್ಲ. ಇವರಿಗೆ 1ರಿಂದ 7ರ ಕೋಲೂ ಇಲ್ಲ. ತಿದ್ದಿಕೊಳ್ಳಬೇಕಾದವರು ಯಾವಾಗಲೂ ಮಕ್ಕಳೇ. ಇದನ್ನು ಬರೆದು ಬರೆದು ಬೇಸರವಾಗಿದೆ.

ಒಮ್ಮೆ ಸ್ನೇಹಿತರೊಬ್ಬರ ಮೇಜಿನ ಮೇಲೆ ಇಂಥ ಹಾಳೆಗಳ ಕಟ್ಟಿತ್ತು. ಮೇಲಿನದರಲ್ಲಿ ಹೆಸರಿರಲಿಲ್ಲ, ಗಂಡು ಎಂಬಲ್ಲಿ ಗುರುತಿತ್ತು. ಭಾವನೆಗಳನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ ಎಂಬ ಸಾಲಿನ ಎದುರು, ಅಂಚಿನಲ್ಲಿ, ಪೆನ್ಸಿಲಿನಲ್ಲಿ ಏನೋ ಎರಡು ಸಾಲು ಬರೆದು ರಬ್ಬರಿನಿಂದ ಉಜ್ಜಿದ್ದ. ಕಾಗದ ಅಲ್ಲಿ ತೆಳುವಾಗಿತ್ತು. ಬೆಳಕಿಗೆ ಹಿಡಿದರೂ ಓದಲಾಗಲಿಲ್ಲ. ಸ್ನೇಹಿತರು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಅವನು ಸುತ್ತು ಹಾಕಿದ್ದ 4 ಎಂಬ ಅಂಕಿಯನ್ನು ಗಣಕಯಂತ್ರಕ್ಕೆ ಉಣಿಸಿ, ಮುಂದಿನ ಹಾಳೆಗೆ ಕೈ ಹಾಕಿದರು.